ಇಂಗ್ಲಿಷ್ ವಾಕ್ಯದಲ್ಲಿ ತಪ್ಪುಗಳನ್ನು ಗುರುತಿಸುವ ಬಗೆ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರು ಪ್ರತಿದಿನವೂ ಹಲವು ಭಾಷೆಗಳ ನಡುವೆ ವ್ಯವಹರಿಸುತ್ತಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ, ಬ್ಯಾಂಕು, ವಿಮೆ, ಆಸ್ಪತ್ರೆ, ಗೃಹನಿರ್ಮಾಣ ಸಂಘಗಳ ಕಾಗದಪತ್ರಗಳಲ್ಲಿ ಬಹುಮಟ್ಟಿಗೆ ಇಂಗ್ಲಿಷ್. ಮಾತಿನಲ್ಲಿ ಆದ ತಪ್ಪು ಆ ಕ್ಷಣದಲ್ಲಿಯೇ ಮರೆತುಹೋಗುತ್ತದೆ. ಬರೆದು ಸಹಿ ಮಾಡಿದ ವಾಕ್ಯದ ತಪ್ಪು ಕಡತದಲ್ಲಿ ಉಳಿಯುತ್ತದೆ. ಅದರಿಂದ ಕೆಲವೊಮ್ಮೆ ಅಂಕ ಹೋಗುತ್ತದೆ, ಕೆಲವೊಮ್ಮೆ ಅರ್ಥವೇ ಬೇರೆಯಾಗಿ ಹಕ್ಕು, ಹಣಗಳಿಗೆ ಸಂಬಂಧಿಸಿದ ವಿವಾದವೂ ಹುಟ್ಟುತ್ತದೆ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಿರಬೇಕು. ಇಂಗ್ಲಿಷ್ ಬಾರದೆಂಬ ಕಾರಣಕ್ಕೆ ಯಾವ ನಾಗರಿಕನೂ ತನ್ನ ಅಹವಾಲನ್ನು ಹೇಳಿಕೊಳ್ಳದೆ ಇರಬೇಕಾಗಿಲ್ಲ. ಕುಂದುಕೊರತೆಗಳ ನಿವಾರಣೆಗಾಗಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಸಂವಿಧಾನದ 350ನೇ ಅನುಚ್ಛೇದವು ಎಲ್ಲರಿಗೂ ಹಕ್ಕನ್ನು ನೀಡಿದೆ. ಆದರೆ ಇಂಗ್ಲಿಷಿನಲ್ಲಿಯೇ ಬರೆಯಬೇಕಾದ ಅಥವಾ ಬರೆಯಲು ಇಚ್ಛಿಸುವ ಸಂದರ್ಭಗಳೂ ಅನೇಕ. ಸಿಬ್ಬಂದಿ ನೇಮಕಾತಿ ಆಯೋಗದ ಪದವೀಧರ ಮಟ್ಟದ ಪರೀಕ್ಷೆಯಂತಹ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಒಂದು ವಾಕ್ಯವನ್ನು ಕೆಲವು ಭಾಗಗಳಾಗಿ ವಿಂಗಡಿಸಿ, ಯಾವ ಭಾಗದಲ್ಲಿ ತಪ್ಪಿದೆಯೆಂದು ಕೇಳುವ ಪ್ರಶ್ನೆಗಳಿರುತ್ತವೆ. ಉದ್ಯೋಗದ ಅರ್ಜಿ, ಬ್ಯಾಂಕಿಗೆ ಬರೆಯುವ ಪತ್ರ, ಕರಾರುಪತ್ರ ಇವುಗಳಲ್ಲಿಯೂ ಇದೇ ಕೌಶಲ ಬೇಕಾಗುತ್ತದೆ.

ಈ ಪಾಠದಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಡಲಾಗಿದೆ. ಓದುಗರು ಅವುಗಳನ್ನು ಒಂದು ಹಾಳೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು, ತಪ್ಪಿರುವ ಜಾಗದ ಕೆಳಗೆ ಗೆರೆ ಎಳೆಯುತ್ತ ಓದಿದರೆ ಹೆಚ್ಚು ಪ್ರಯೋಜನವಾಗುತ್ತದೆ.

ತಪ್ಪಿನ ಮೂಲ ಎಲ್ಲಿದೆ?

ಇಂಗ್ಲಿಷ್ ಬರೆಯುವಾಗ ಕನ್ನಡಿಗರು ಮಾಡುವ ತಪ್ಪುಗಳು ಅಡ್ಡಾದಿಡ್ಡಿಯಾಗಿ ಹುಟ್ಟಿದವುಗಳಲ್ಲ. ಅವುಗಳಲ್ಲಿ ಬಹುಪಾಲು, ಕನ್ನಡದಲ್ಲಿ ಸರಿಯಾಗಿಯೇ ಇರುವ ಒಂದು ನಿಯಮವನ್ನು ಇಂಗ್ಲಿಷಿಗೂ ಅನ್ವಯಿಸಿದ್ದರಿಂದ ಉಂಟಾದವು. ಕನ್ನಡದಲ್ಲಿ ನಾಮಪದಕ್ಕೆ ವಿಭಕ್ತಿ ಪ್ರತ್ಯಯ ಹತ್ತುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ನಾಮಪದದ ಹಿಂದೆ ನಿಲ್ಲುವ ಪ್ರತ್ಯೇಕ ಪದ ಮಾಡುತ್ತದೆ. ಕನ್ನಡದಲ್ಲಿ ‘ಎ’, ‘ಆ್ಯನ್’, ‘ದಿ’ ಎಂಬ ಆರ್ಟಿಕಲ್‌ಗಳಿಲ್ಲ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಎರಡು ಭಾಷೆಗಳು ಎಲ್ಲಿ ಬೇರೆ ದಾರಿ ಹಿಡಿಯುತ್ತವೆಯೋ ಅಲ್ಲಿಯೇ ತಪ್ಪು ಹುಟ್ಟುತ್ತದೆ. ಆದ್ದರಿಂದ ತಪ್ಪನ್ನು ಎಲ್ಲೆಲ್ಲಿ ಹುಡುಕಬೇಕೆಂಬುದನ್ನು ಕನ್ನಡ ಬಲ್ಲವರು ಮುಂಚಿತವಾಗಿಯೇ ಊಹಿಸಬಹುದು. ಅಂತಹ ಜಾಗಗಳನ್ನು ಒಂದೊಂದಾಗಿ ನೋಡೋಣ.

1. ಕರ್ತೃಪದ ಮತ್ತು ಕ್ರಿಯಾಪದ

ಕನ್ನಡದಲ್ಲಿ ಕರ್ತೃವಿನ ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ: ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ. ಇಂಗ್ಲಿಷಿನ ವರ್ತಮಾನ ಕಾಲದಲ್ಲಿ ಸಾಮಾನ್ಯ ಕ್ರಿಯಾಪದಗಳಿಗೆ ಇಂತಹ ಒಂದೇ ಗುರುತು ಉಳಿದಿದೆ. ಪ್ರಥಮ ಪುರುಷ ಏಕವಚನದಲ್ಲಿ ಕ್ರಿಯಾಪದದ ಕೊನೆಗೆ ಬರುವ ‘ಎಸ್’ ಅಕ್ಷರವೇ ಅದು. ಚಿಕ್ಕ ವಾಕ್ಯದಲ್ಲಿ ಇದು ತಪ್ಪುವುದಿಲ್ಲ. ಕರ್ತೃಪದಕ್ಕೂ ಕ್ರಿಯಾಪದಕ್ಕೂ ನಡುವೆ ಬೇರೆ ಪದಗಳು ಬಂದಾಗ ತಪ್ಪುತ್ತದೆ.

‘ದಿ ಲಿಸ್ಟ್ ಆಫ್ ಡಾಕ್ಯುಮೆಂಟ್ಸ್ ಆರ್ ಎನ್‌ಕ್ಲೋಸ್ಡ್’ ಎಂಬುದು ಅರ್ಜಿಗಳಲ್ಲಿ ಮತ್ತೆಮತ್ತೆ ಕಾಣಿಸುವ ವಾಕ್ಯ. ‘ಡಾಕ್ಯುಮೆಂಟ್ಸ್’ ಎಂಬ ಬಹುವಚನ ಪಕ್ಕದಲ್ಲಿಯೇ ಇರುವುದರಿಂದ ಕೈ ತಾನಾಗಿ ‘ಆರ್’ ಎಂದು ಬರೆಯುತ್ತದೆ. ಆದರೆ ಲಗತ್ತಿಸಿರುವುದು ಪಟ್ಟಿ, ಪಟ್ಟಿ ಒಂದೇ. ಆದ್ದರಿಂದ ‘ಈಸ್’ ಎಂದಿರಬೇಕು. ‘ಒನ್ ಆಫ್ ಮೈ ಫ್ರೆಂಡ್ಸ್ ಲಿವ್ ಇನ್ ಪುಣೆ’ ಎಂಬಲ್ಲಿಯೂ ವಾಸಿಸುವವನು ಒಬ್ಬನೇ. ‘ಲಿವ್ಸ್’ ಎಂಬುದು ಸರಿ. ನಡುವಣ ಪದಗಳನ್ನು ಬೆರಳಿನಿಂದ ಮುಚ್ಚಿ, ಕರ್ತೃಪದ ಮತ್ತು ಕ್ರಿಯಾಪದಗಳನ್ನಷ್ಟೇ ಜೋಡಿಸಿ ಓದಿದರೆ ಇಂತಹ ತಪ್ಪು ಕೂಡಲೆ ಗೋಚರಿಸುತ್ತದೆ.

ಪರೀಕ್ಷೆಗಳಲ್ಲಿ ಇನ್ನೊಂದು ಜೋಡಿಯನ್ನು ಹೆಚ್ಚಾಗಿ ಕೇಳಲಾಗುತ್ತದೆ. ‘ಎ ನಂಬರ್ ಆಫ್’ ಎಂದರೆ ಹಲವು ಎಂದರ್ಥ, ಕ್ರಿಯಾಪದ ಬಹುವಚನ. ‘ದಿ ನಂಬರ್ ಆಫ್’ ಎಂದರೆ ಸಂಖ್ಯೆ ಎಂದರ್ಥ, ಕ್ರಿಯಾಪದ ಏಕವಚನ. ‘ನೈದರ್ - ನಾರ್’, ‘ಐದರ್ - ಆರ್’ ಇರುವ ವಾಕ್ಯಗಳಲ್ಲಿ ಕ್ರಿಯಾಪದವು ತನಗೆ ಹತ್ತಿರವಿರುವ ಕರ್ತೃಪದವನ್ನು ಅನುಸರಿಸುತ್ತದೆ.

ವಚನದ ವಿಷಯದಲ್ಲಿ ಕನ್ನಡದ ಇನ್ನೊಂದು ರೂಢಿಯೂ ಅಡ್ಡಬರುತ್ತದೆ. ‘ಐದು ರೂಪಾಯಿ’, ‘ಹತ್ತು ವರ್ಷ’ ಎಂದು ಸಂಖ್ಯೆಯ ಮುಂದೆ ಏಕವಚನವನ್ನೇ ಬಳಸುವುದು ಕನ್ನಡದಲ್ಲಿ ಸಹಜ. ಇಂಗ್ಲಿಷಿನಲ್ಲಿ ‘ಟೆನ್ ಇಯರ್ಸ್’ ಎಂದು ಬಹುವಚನ ಬೇಕೇಬೇಕು. ಇದಕ್ಕೆ ವಿರುದ್ಧವಾಗಿ ‘ಇನ್ಫರ್ಮೇಷನ್’, ‘ಫರ್ನಿಚರ್’, ‘ಲಗೇಜ್’, ಸಲಹೆ ಎಂಬರ್ಥದ ‘ಅಡ್ವೈಸ್’ ಈ ಪದಗಳಿಗೆ ಬಹುವಚನದ ‘ಎಸ್’ ಸೇರುವುದಿಲ್ಲ. ‘ನ್ಯೂಸ್’ ನೋಡಲು ಬಹುವಚನದಂತಿದ್ದರೂ ಏಕವಚನ. ‘ಪೊಲೀಸ್’ ನೋಡಲು ಏಕವಚನದಂತಿದ್ದರೂ ಬಹುವಚನ.

2. ಕಾಲ

‘ನಾನು 2015ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದು ನಿರ್ದುಷ್ಟವಾದ ಕನ್ನಡ ವಾಕ್ಯ. ಇದನ್ನು ಪದಕ್ಕೆ ಪದವಾಗಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2015’ ಎಂದು ಬರೆದರೆ ತಪ್ಪಾಗುತ್ತದೆ. ಹಿಂದೆ ಆರಂಭವಾಗಿ ಈಗಲೂ ನಡೆಯುತ್ತಿರುವ ಕ್ರಿಯೆಗೆ ಇಂಗ್ಲಿಷಿನಲ್ಲಿ ಬೇರೆಯೇ ರೂಪವಿದೆ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2015’.

ಇಲ್ಲಿಯೇ ಇನ್ನೊಂದು ತೊಡಕು ಇದೆ. ‘2015ರಿಂದ’, ‘ಹತ್ತು ವರ್ಷಗಳಿಂದ’ ಎಂದು ಕನ್ನಡದಲ್ಲಿ ಎರಡು ಕಡೆಗೂ ‘ಇಂದ’ ಪ್ರತ್ಯಯವೇ ಸಾಕು. ಇಂಗ್ಲಿಷ್ ಇವೆರಡನ್ನೂ ಪ್ರತ್ಯೇಕಿಸುತ್ತದೆ. ಆರಂಭದ ಬಿಂದುವನ್ನು ಹೇಳುವಾಗ ‘ಸಿನ್ಸ್’, ಅವಧಿಯನ್ನು ಹೇಳುವಾಗ ‘ಫಾರ್’. ಆದ್ದರಿಂದ ‘ಸಿನ್ಸ್ ಟೆನ್ ಇಯರ್ಸ್’ ಎಂಬುದು ತಪ್ಪು. ‘ಫಾರ್ ಟೆನ್ ಇಯರ್ಸ್’ ಎಂಬುದು ಸರಿ. ವಾಕ್ಯದಲ್ಲಿ ‘ಸಿನ್ಸ್’ ಕಂಡೊಡನೆ, ಅದರ ಮುಂದೆ ಇರುವುದು ಇಸವಿ, ತಿಂಗಳು, ದಿನ, ಗಳಿಗೆಯಂತಹ ಬಿಂದುವೋ ಅಥವಾ ಅವಧಿಯೋ ಎಂದು ಪರೀಕ್ಷಿಸಬೇಕು.

‘ನಿನ್ನೆ ಹಣ ಕಟ್ಟಿದ್ದೇನೆ’ ಎಂಬುದು ಕನ್ನಡದಲ್ಲಿ ಸರಿ. ‘ಐ ಹ್ಯಾವ್ ಪೇಯ್ಡ್ ದಿ ಅಮೌಂಟ್ ಯೆಸ್ಟರ್‌ಡೇ’ ಎಂಬುದು ಇಂಗ್ಲಿಷಿನಲ್ಲಿ ತಪ್ಪು. ನಿನ್ನೆ, ಕಳೆದ ವಾರ, 2019ರಲ್ಲಿ ಎಂದು ಮುಗಿದುಹೋದ ಕಾಲವನ್ನು ನಿರ್ದಿಷ್ಟವಾಗಿ ಹೇಳಿದಾಗ ‘ಹ್ಯಾವ್’ ಬರುವುದಿಲ್ಲ. ‘ಐ ಪೇಯ್ಡ್’ ಎಂದರೆ ಸಾಕು. ‘ಡಿಡ್ ನಾಟ್ ವೆಂಟ್’ ಎಂಬಲ್ಲಿ ಭೂತಕಾಲ ಎರಡು ಬಾರಿ ಬಂದಿದೆ. ‘ಡಿಡ್’ ಎಂಬ ಪದವೇ ಆ ಭಾರವನ್ನು ಹೊತ್ತಿರುವುದರಿಂದ ಮುಂದಿನ ಕ್ರಿಯಾಪದ ‘ಗೋ’ ಎಂಬ ಮೂಲರೂಪದಲ್ಲಿಯೇ ಉಳಿಯುತ್ತದೆ. ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’, ‘ಐ ಆಮ್ ನೋಯಿಂಗ್ ಹಿಮ್’ ಎಂಬ ವಾಕ್ಯಗಳೂ ಅಶುದ್ಧ. ಇರುವಿಕೆ, ಅರಿವು, ಒಡೆತನಗಳನ್ನು ಸೂಚಿಸುವ ಕ್ರಿಯಾಪದಗಳು ಸಾಮಾನ್ಯವಾಗಿ ‘ಇಂಗ್’ ರೂಪವನ್ನು ತಾಳುವುದಿಲ್ಲ.

3. ‘ಎ’, ‘ಆ್ಯನ್’, ‘ದಿ’

‘ಅವರು ಇಂಜಿನಿಯರ್’ ಎಂಬ ಕನ್ನಡ ವಾಕ್ಯದಲ್ಲಿ ಏನೂ ಕೊರತೆಯಿಲ್ಲ. ‘ಹಿ ಈಸ್ ಇಂಜಿನಿಯರ್’ ಎಂಬ ಇಂಗ್ಲಿಷ್ ವಾಕ್ಯದಲ್ಲಿ ‘ಆ್ಯನ್’ ಇಲ್ಲದ ಕೊರತೆ ಇದೆ. ಎಣಿಸಬಹುದಾದ ಏಕವಚನ ನಾಮಪದವು ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲುವುದಿಲ್ಲ. ಅದರ ಹಿಂದೆ ಆರ್ಟಿಕಲ್ ಇರಬೇಕು, ಇಲ್ಲವೆ ‘ಮೈ’, ‘ದಿಸ್’, ‘ಎವೆರಿ’ ಮುಂತಾದ ಪದವೊಂದಿರಬೇಕು. ಮೊದಲ ಸಲ ಹೇಳುವ, ಗೊತ್ತಿಲ್ಲದ ವಸ್ತುವಿಗೆ ‘ಎ’ ಅಥವಾ ‘ಆ್ಯನ್’. ಕೇಳುವವನಿಗೂ ಯಾವುದೆಂದು ತಿಳಿದಿರುವ ವಸ್ತುವಿಗೆ ‘ದಿ’. ಕನ್ನಡದ ‘ಒಂದು’, ‘ಆ’ ಎಂಬ ಪದಗಳನ್ನು ಇಟ್ಟು ನೋಡಿದರೆ ಈ ವ್ಯತ್ಯಾಸ ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

‘ಎ’ ಎಲ್ಲಿ, ‘ಆ್ಯನ್’ ಎಲ್ಲಿ ಎಂಬುದನ್ನು ನಿರ್ಧರಿಸುವುದು ಅಕ್ಷರವಲ್ಲ, ಉಚ್ಚಾರಣೆ. ಈ ವಿಷಯದಲ್ಲಿ ಕನ್ನಡಿಗರಿಗೆ ತಮ್ಮ ಲಿಪಿಯೇ ಸಹಾಯಕ. ಇಂಗ್ಲಿಷ್ ಪದವನ್ನು ಉಚ್ಚರಿಸಿದಂತೆ ಕನ್ನಡದಲ್ಲಿ ಬರೆದುಕೊಳ್ಳಬೇಕು. ಸ್ವರದಿಂದ ಆರಂಭವಾದರೆ ‘ಆ್ಯನ್’, ವ್ಯಂಜನದಿಂದ ಆರಂಭವಾದರೆ ‘ಎ’. ಗಂಟೆ ಎಂಬರ್ಥದ ಪದ ಇಂಗ್ಲಿಷಿನಲ್ಲಿ ‘ಎಚ್’ ಅಕ್ಷರದಿಂದ ಆರಂಭವಾದರೂ ಕನ್ನಡದಲ್ಲಿ ಅದು ‘ಅವರ್’. ಆದ್ದರಿಂದ ‘ಆ್ಯನ್ ಅವರ್’. ‘ಯೂನಿವರ್ಸಿಟಿ’ ಇಂಗ್ಲಿಷಿನಲ್ಲಿ ‘ಯು’ ಎಂಬ ಸ್ವರಾಕ್ಷರದಿಂದ ಆರಂಭವಾದರೂ ಕೇಳಿಸುವುದು ಯಕಾರ; ಆದ್ದರಿಂದ ‘ಎ ಯೂನಿವರ್ಸಿಟಿ’. ‘ಎಂ.ಎ.’, ‘ಎಲ್‌ಐಸಿ ಏಜೆಂಟ್’ ಇವುಗಳ ಹಿಂದೆ ‘ಆ್ಯನ್’ ಬರುತ್ತದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಪದದ ಮೊದಲಿನ ಎಕಾರವನ್ನು ‘ಯೆ’ ಎಂದೂ ಒಕಾರವನ್ನು ‘ವೊ’ ಎಂದೂ ಉಚ್ಚರಿಸುವ ರೂಢಿ ಕನ್ನಡದಲ್ಲಿ ಉಂಟು. ‘ಯೆಂ.ಎ.’ ಎನ್ನುವವರು ‘ಎ’ ಬರೆದುಬಿಡುವ ಸಂಭವವಿದೆ. ಅದೇ ರೀತಿ ಕನ್ನಡದಲ್ಲಿ ‘ಒನ್’ ಎಂದು ಬರೆಯುವ ಪದದ ಇಂಗ್ಲಿಷ್ ಉಚ್ಚಾರಣೆ ‘ವನ್’ ಎಂದಿರುವುದರಿಂದ, ಅದರ ಹಿಂದೆ ‘ಎ’ ಬರಬೇಕು.

4. ವಿಭಕ್ತಿ ಮತ್ತು ಪ್ರಿಪೊಸಿಷನ್

ಕೇಶಿರಾಜನ ‘ಶಬ್ದಮಣಿದರ್ಪಣ’ದ ಕಾಲದಿಂದಲೂ ಕನ್ನಡದ ವೈಯಾಕರಣರು ವಿಭಕ್ತಿ ಪ್ರತ್ಯಯಗಳನ್ನು ಕ್ರಮವಾಗಿ ವಿವೇಚಿಸಿದ್ದಾರೆ. ‘ಅನ್ನು’, ‘ಇಂದ’, ‘ಗೆ’, ‘ಅಲ್ಲಿ’ ಇವುಗಳಿಗೆ ಇಂಗ್ಲಿಷಿನಲ್ಲಿ ನಿಶ್ಚಿತವಾದ ಒಂದೊಂದು ಸಮಾನ ಪದ ಇದೆಯೆಂದು ಭಾವಿಸುವುದರಿಂದ ತಪ್ಪುಗಳ ಒಂದು ದೊಡ್ಡ ಗುಂಪೇ ಹುಟ್ಟುತ್ತದೆ.

ಮುಂಬಯಿಗೆ ತಲುಪಿದರು ಎಂಬಲ್ಲಿ ‘ಗೆ’ ಇದೆಯೆಂದು ‘ರೀಚ್ಡ್ ಟು ಮುಂಬಯಿ’ ಎಂದು ಬರೆಯುವುದು ತಪ್ಪು. ‘ರೀಚ್ಡ್ ಮುಂಬಯಿ’ ಸರಿ. ವಿಷಯದ ಬಗ್ಗೆ ಚರ್ಚಿಸಿದರು ಎಂಬುದನ್ನು ‘ಡಿಸ್ಕಸ್ಡ್ ಅಬೌಟ್’ ಎನ್ನುವುದು ತಪ್ಪು. ‘ಡಿಸ್ಕಸ್ಡ್ ದಿ ಮ್ಯಾಟರ್’ ಸರಿ. ಮ್ಯಾನೇಜರರಿಗೆ ವಿನಂತಿಸಿದೆ ಎಂಬುದು ‘ರಿಕ್ವೆಸ್ಟೆಡ್ ದಿ ಮ್ಯಾನೇಜರ್’ ಆಗಬೇಕು. ನಡುವೆ ‘ಟು’ ಬೇಡ. ಅವನ ಮೇಲೆ ಕೋಪ ಬಂತು ಎಂದು ಕನ್ನಡ ಹೇಳಿದರೆ ಇಂಗ್ಲಿಷ್ ‘ಆ್ಯಂಗ್ರಿ ವಿತ್ ಹಿಮ್’ ಎನ್ನುತ್ತದೆ. ಗಣಿತದಲ್ಲಿ ಜಾಣ ಎಂಬುದು ‘ಗುಡ್ ಆ್ಯಟ್ ಮ್ಯಾಥಮ್ಯಾಟಿಕ್ಸ್’. ಒಬ್ಬರ ಜೊತೆ ಮದುವೆಯಾಯಿತು ಎಂಬಲ್ಲಿ ‘ಮ್ಯಾರೀಡ್ ಟು’ ಎಂದಿರಬೇಕು; ‘ವಿತ್’ ಸಲ್ಲದು.

‘ಗಿಂತ’ ಎಂಬ ಪ್ರತ್ಯಯದ ವಿಷಯ ವಿಶೇಷವಾಗಿ ಗಮನಾರ್ಹ. ನನಗಿಂತ ಎತ್ತರ, ನನಗಿಂತ ಮೇಲಿನ ಶ್ರೇಣಿಯವರು ಎಂದು ಕನ್ನಡ ಎಲ್ಲೆಡೆಯೂ ‘ಗಿಂತ’ ಬಳಸುತ್ತದೆ. ಇಂಗ್ಲಿಷಿನಲ್ಲಿ ‘ಟಾಲರ್ ದ್ಯಾನ್’ ಎಂಬುದು ಸರಿಯಾದರೂ ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’, ‘ಇನ್ಫೀರಿಯರ್’ ಇವುಗಳ ಮುಂದೆ ‘ಟು’ ಬರಬೇಕು. ಇವು ಲ್ಯಾಟಿನ್ ಭಾಷೆಯಿಂದ ಬಂದ ತುಲನಾರೂಪಗಳು. ‘ಪ್ರಿಫರ್’ ಎಂಬ ಕ್ರಿಯಾಪದವೂ ಇದೇ ಕ್ರಮವನ್ನು ಅನುಸರಿಸುತ್ತದೆ. ಪ್ರಿಪೊಸಿಷನ್‌ಗಳಿಗೆ ಸುಲಭವಾದ ಸಾಮಾನ್ಯ ಸೂತ್ರವಿಲ್ಲ. ಕ್ರಿಯಾಪದವನ್ನು ಕಲಿಯುವಾಗಲೇ ಅದರ ಜೊತೆಗಾರ ಪದವನ್ನೂ ಕಲಿಯುವುದು ಉತ್ತಮ ಮಾರ್ಗ.

5. ಪದಕ್ರಮ

ಕನ್ನಡದ ‘ಅಲ್ಲವೇ?’ ಎಂಬ ಒಂದೇ ಪದ ಎಲ್ಲ ವಾಕ್ಯಗಳ ಕೊನೆಗೂ ಹೊಂದುತ್ತದೆ. ಇಂಗ್ಲಿಷಿನಲ್ಲಿ ‘ಈಸಂಟ್ ಇಟ್?’ ಹಾಗೆ ಹೊಂದುವುದಿಲ್ಲ. ‘ಯು ಆರ್ ಕಮಿಂಗ್’ ಎಂಬುದರ ಮುಂದೆ ‘ಆರಂಟ್ ಯು?’ ಎಂದೇ ಬರಬೇಕು. ನೇರ ಪ್ರಶ್ನೆಯಲ್ಲಿ ‘ವೇರ್ ಈಸ್ ದಿ ಆಫೀಸ್?’ ಎಂಬ ಕ್ರಮ ಸರಿ. ಆದರೆ ಅದೇ ಪ್ರಶ್ನೆ ಇನ್ನೊಂದು ವಾಕ್ಯದೊಳಗೆ ಅಡಗಿದಾಗ ಕ್ರಮ ಬದಲಾಗುತ್ತದೆ: ‘ಪ್ಲೀಸ್ ಟೆಲ್ ಮಿ ವೇರ್ ದಿ ಆಫೀಸ್ ಈಸ್’.

‘ಕಚೇರಿಗೆ ಬರುತ್ತಿರುವಾಗ ಮಳೆ ಶುರುವಾಯಿತು’ ಎಂಬ ವಾಕ್ಯದಲ್ಲಿ ಬರುವವರು ಯಾರೆಂದು ಹೇಳದಿದ್ದರೂ ದೋಷವಿಲ್ಲ. ‘ಕಮಿಂಗ್ ಟು ದಿ ಆಫೀಸ್, ದಿ ರೇನ್ ಸ್ಟಾರ್ಟೆಡ್’ ಎಂದರೆ ಮಳೆಯೇ ಕಚೇರಿಗೆ ಬರುತ್ತಿತ್ತು ಎಂಬ ಅರ್ಥ ಬರುತ್ತದೆ. ‘ವೈಲ್ ಐ ವಾಸ್ ಕಮಿಂಗ್’ ಎಂದು ಕರ್ತೃಪದವನ್ನು ಸ್ಪಷ್ಟವಾಗಿ ಹೇಳಬೇಕು. ಕನ್ನಡದಲ್ಲಿಯೂ ‘ಕಚೇರಿಗೆ ಬರುತ್ತಾ ಮಳೆ ಶುರುವಾಯಿತು’ ಎಂದರೆ ಕಿವಿಗೆ ಒಪ್ಪುವುದಿಲ್ಲ. ಇಂಗ್ಲಿಷಿನ ‘ಇಂಗ್’ ರೂಪವನ್ನು ಕನ್ನಡದ ‘ಉತ್ತಾ’ ರೂಪದೊಡನೆ ಹೋಲಿಸಿ ನೋಡಿದರೆ ಈ ತಪ್ಪು ಸುಲಭವಾಗಿ ತಿಳಿಯುತ್ತದೆ.

6. ಲೇಖನ ಚಿಹ್ನೆಗಳು

ಹಳಗನ್ನಡದ ಶಾಸನಗಳಲ್ಲಿಯೂ ಓಲೆಗರಿಗಳಲ್ಲಿಯೂ ಇಂದಿನ ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆಗಳಿರಲಿಲ್ಲ. ಅವು ಮುದ್ರಣದೊಂದಿಗೆ 19ನೇ ಶತಮಾನದಲ್ಲಿ ಕನ್ನಡದಲ್ಲಿ ನೆಲೆಗೊಂಡವು. ಕನ್ನಡದಲ್ಲಿ ಪ್ರತ್ಯಯಗಳೇ ಪದಗಳ ಸಂಬಂಧವನ್ನು ತಿಳಿಸುವುದರಿಂದ ಚಿಹ್ನೆ ತಪ್ಪಿದರೂ ಅರ್ಥ ಬಹುಮಟ್ಟಿಗೆ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಮುಂಬಯಿ, ದೆಹಲಿಗಳ ಕನ್ನಡಿಗರಿಗೆ ಹಿಂದಿಯ ಒಂದು ಉದಾಹರಣೆ ಪರಿಚಿತ. ‘ರೋಕೋ, ಮತ್ ಜಾನೇ ದೋ’ ಎಂದರೆ ತಡೆಯಿರಿ, ಹೋಗಗೊಡಬೇಡಿ. ‘ರೋಕೋ ಮತ್, ಜಾನೇ ದೋ’ ಎಂದರೆ ತಡೆಯಬೇಡಿ, ಹೋಗಲು ಬಿಡಿ. ಪದಗಳು ಅವೇ, ಬದಲಾದದ್ದು ಅಲ್ಪವಿರಾಮದ ಸ್ಥಾನ ಮಾತ್ರ.

ಈ ಮಾತು ನ್ಯಾಯಾಲಯಗಳವರೆಗೂ ಹೋಗಿದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮದ 27ನೇ ಪ್ರಕರಣದಲ್ಲಿ ‘ಸ್ಟಾಕ್ಸ್ ಆರ್ ಎಕ್ಸಿಬಿಟ್ಸ್ ಫಾರ್ ಸೇಲ್’ ಎಂಬ ಪದಗಳಿದ್ದವು. ಮಹಮ್ಮದ್ ಶಬ್ಬೀರ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಎಂಬ, 1979ರಲ್ಲಿ ವರದಿಯಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ‘ಸ್ಟಾಕ್ಸ್’ ಎಂಬ ಪದದ ನಂತರ ಅಲ್ಪವಿರಾಮ ಇಲ್ಲದಿರುವುದನ್ನು ಗಮನಿಸಿತು. ಆ ಪದಗಳೆಲ್ಲ ಒಂದೇ ಅಖಂಡ ಭಾಗವಾಗಿರುವುದರಿಂದ, ಮಾರಾಟದ ಉದ್ದೇಶವಿಲ್ಲದೆ ಔಷಧವನ್ನು ಬರಿದೆ ಇಟ್ಟುಕೊಂಡಿರುವುದು ಆ ಪ್ರಕರಣದಡಿ ಅಪರಾಧವಾಗದು ಎಂದು ತೀರ್ಮಾನಿಸಿತು. ಅಮೆರಿಕದ ಮೇನ್ ರಾಜ್ಯದಲ್ಲಿ ಹಾಲಿನ ಉತ್ಪನ್ನಗಳ ಸಂಸ್ಥೆಯೊಂದರ ವಾಹನ ಚಾಲಕರು ಹೆಚ್ಚುವರಿ ದುಡಿಮೆಯ ಭತ್ಯೆಗಾಗಿ ಹೂಡಿದ ದಾವೆಯಲ್ಲಿ, ಕಾನೂನಿನ ಪಟ್ಟಿಯೊಂದರ ಕೊನೆಯ ಅಂಶದ ಹಿಂದೆ ಅಲ್ಪವಿರಾಮ ಇಲ್ಲದ್ದರಿಂದ ಅರ್ಥ ಸಂದಿಗ್ಧವಾಗಿದೆಯೆಂದು 2017ರಲ್ಲಿ ಮೇಲ್ಮನವಿ ನ್ಯಾಯಾಲಯವು ಚಾಲಕರ ಪರವಾಗಿ ತೀರ್ಪಿತ್ತಿತು. 2018ರಲ್ಲಿ ಆ ವಿವಾದ 50 ಲಕ್ಷ ಡಾಲರ್‌ಗಳ ರಾಜಿಯಲ್ಲಿ ಕೊನೆಗೊಂಡಿತು.

ಸಾಮಾನ್ಯ ಓದುಗರಿಗೂ ಇಂತಹ ಸಂದರ್ಭ ಎದುರಾಗಬಹುದು. ಹಳೆಯ ಕಟ್ಟಡವನ್ನು ಕೆಡವಿ ಕಟ್ಟುವಾಗ ಒಂದು ಒಪ್ಪಂದಪತ್ರದಲ್ಲಿ ‘ದಿ ಟೆನೆಂಟ್ಸ್ ಹೂ ಹ್ಯಾವ್ ಪೇಯ್ಡ್ ದಿ ಡಿಪಾಸಿಟ್ ವಿಲ್ ಗೆಟ್ ನ್ಯೂ ಫ್ಲ್ಯಾಟ್ಸ್’ ಎಂದಿದೆಯೆಂದು ಭಾವಿಸೋಣ. ಅಲ್ಪವಿರಾಮಗಳಿಲ್ಲದಿದ್ದರೆ, ಬಾಡಿಗೆದಾರರಲ್ಲಿ ಠೇವಣಿ ಕಟ್ಟಿದವರಿಗೆ ಮಾತ್ರ ಹೊಸ ಮನೆ ಎಂದರ್ಥ. ‘ಟೆನೆಂಟ್ಸ್’ ಎಂಬ ಪದದ ನಂತರ ಒಂದು, ‘ಡಿಪಾಸಿಟ್’ ಎಂಬ ಪದದ ನಂತರ ಇನ್ನೊಂದು ಅಲ್ಪವಿರಾಮ ಇದ್ದರೆ, ಬಾಡಿಗೆದಾರರೆಲ್ಲರೂ ಠೇವಣಿ ಕಟ್ಟಿದ್ದಾರೆ, ಎಲ್ಲರಿಗೂ ಮನೆ ಸಿಗುತ್ತದೆ ಎಂದರ್ಥ. ‘ಠೇವಣಿ ಕಟ್ಟಿದ ಬಾಡಿಗೆದಾರರಿಗೆ’ ಎಂಬ ಕನ್ನಡದ ರೂಪದಲ್ಲಿ ಈ ಎರಡು ಅರ್ಥಗಳ ಗಡಿ ಕಾಣಿಸುವುದಿಲ್ಲ. ಆದ್ದರಿಂದಲೇ ಕನ್ನಡಿಗರ ಕಣ್ಣು ಈ ಅಲ್ಪವಿರಾಮವನ್ನು ಸುಲಭವಾಗಿ ದಾಟಿಹೋಗುತ್ತದೆ. ಸಹಿ ಮಾಡುವ ಮುನ್ನ ‘ಹೂ’, ‘ವಿಚ್’ ಎಂಬ ಪದಗಳ ಹಿಂದೆಮುಂದೆ ಅವಶ್ಯವಾಗಿ ನೋಡಬೇಕು.

ಎರಡು ಪೂರ್ಣ ವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಜೋಡಿಸುವುದು ಇನ್ನೊಂದು ಸಾಮಾನ್ಯ ದೋಷ. ‘ಐ ಸಬ್ಮಿಟೆಡ್ ದಿ ಫಾರ್ಮ್ ಇನ್ ಮಾರ್ಚ್, ನೋ ರಿಪ್ಲೈ ವಾಸ್ ರಿಸೀವ್ಡ್’ ಎಂಬಲ್ಲಿ ಅಲ್ಪವಿರಾಮದ ಬದಲು ಪೂರ್ಣವಿರಾಮ ಅಥವಾ ಅರ್ಧವಿರಾಮ ಬೇಕು. ಇಲ್ಲವೆ ಅಲ್ಪವಿರಾಮದ ನಂತರ ‘ಬಟ್’ ಸೇರಿಸಬೇಕು. ಕರ್ತೃಪದ ಎಷ್ಟೇ ಉದ್ದವಾಗಿದ್ದರೂ ಅದಕ್ಕೂ ಕ್ರಿಯಾಪದಕ್ಕೂ ನಡುವೆ ಒಂಟಿ ಅಲ್ಪವಿರಾಮ ಇಡಬಾರದು.

ಅಪಾಸ್ಟ್ರಫಿ ಎಂಬ ಮೇಲಿನ ಕೊಕ್ಕೆಗೆ ಎರಡು ಮುಖ್ಯ ಕೆಲಸಗಳಿವೆ: ಒಡೆತನವನ್ನು ಸೂಚಿಸುವುದು, ಲೋಪವಾದ ಅಕ್ಷರವನ್ನು ಸೂಚಿಸುವುದು. ಆಸ್ತಿಯ ಪತ್ರದಲ್ಲಿ ‘ಮೈ ಬ್ರದರ್ಸ್ ಶೇರ್’ ಎಂದಿದ್ದಾಗ, ಕೊಕ್ಕೆಯು ‘ಎಸ್’ ಅಕ್ಷರದ ಹಿಂದೆ ಇದ್ದರೆ ಒಬ್ಬ ಸಹೋದರನ ಪಾಲು. ‘ಎಸ್’ ಅಕ್ಷರದ ಮುಂದೆ ಇದ್ದರೆ ಹಲವು ಸಹೋದರರ ಪಾಲು. ‘ಇಟ್ಸ್’ ಎಂಬ ಪದಕ್ಕೆ ‘ಅದರ’ ಎಂಬ ಅರ್ಥವಿದ್ದಾಗ ಕೊಕ್ಕೆ ಇರಬಾರದು. ‘ಇಟ್ ಈಸ್’ ಎಂಬುದರ ಸಂಕ್ಷೇಪವಾದಾಗ ಮಾತ್ರ ಇರಬೇಕು. ‘ಫೋಟೋಸ್’ ಮುಂತಾದ ಸಾಮಾನ್ಯ ಬಹುವಚನಕ್ಕೆ ಕೊಕ್ಕೆ ಅನಗತ್ಯ.

ದೊಡ್ಡಕ್ಷರಗಳ ನಿಯಮವೂ ಕನ್ನಡಿಗರಿಗೆ ಹೊಸದೇ. ವಾಕ್ಯದ ಆರಂಭ, ವ್ಯಕ್ತಿ ಮತ್ತು ಸ್ಥಳಗಳ ಹೆಸರು, ವಾರ, ತಿಂಗಳು, ಭಾಷೆಯ ಹೆಸರು, ‘ನಾನು’ ಎಂಬರ್ಥದ ‘ಐ’ ಇವು ದೊಡ್ಡಕ್ಷರದಲ್ಲಿರಬೇಕು. ಅರ್ಜಿಯಲ್ಲಿ ಮಾತೃಭಾಷೆ ಕನ್ನಡವೆಂದು ಬರೆಯುವಾಗಲೂ ಮೊದಲ ಅಕ್ಷರ ದೊಡ್ಡದಾಗಿಯೇ ಇರಲಿ.

ಪರಿಶೀಲನೆಯ ಕ್ರಮ

ಒಂದೇ ಓದಿನಲ್ಲಿ ಎಲ್ಲ ತಪ್ಪುಗಳನ್ನೂ ಹಿಡಿಯಲು ಯತ್ನಿಸಿದರೆ ಬಹಳಷ್ಟು ತಪ್ಪಿಸಿಕೊಳ್ಳುತ್ತವೆ. ಕೆಳಗಿನ ಕ್ರಮದಲ್ಲಿ ಒಂದೊಂದು ಓದಿಗೆ ಒಂದೊಂದು ಅಂಶವನ್ನು ನೋಡುವುದು ಒಳ್ಳೆಯದು.

(ಅ) ಕ್ರಿಯಾಪದವನ್ನು ಗುರುತಿಸಿ, ಅದರ ನಿಜವಾದ ಕರ್ತೃಪದದೊಡನೆ ಜೋಡಿಸಿ ನೋಡಬೇಕು.
(ಆ) ‘ಸಿನ್ಸ್’, ‘ಫಾರ್’, ‘ಯೆಸ್ಟರ್‌ಡೇ’ ಮುಂತಾದ ಕಾಲಸೂಚಕ ಪದಗಳು ಕ್ರಿಯಾರೂಪಕ್ಕೆ ಹೊಂದುತ್ತವೆಯೇ ಎಂದು ನೋಡಬೇಕು.
(ಇ) ಪ್ರತಿಯೊಂದು ಏಕವಚನ ನಾಮಪದದ ಹಿಂದೆ ಆರ್ಟಿಕಲ್ ಬೇಕೇ ಎಂದು ಪರೀಕ್ಷಿಸಬೇಕು.
(ಈ) ‘ಟು’, ‘ಅಬೌಟ್’, ‘ವಿತ್’, ‘ದ್ಯಾನ್’ ಇವು ಕನ್ನಡದ ಪ್ರತ್ಯಯದ ನೆರಳಾಗಿ ಬಂದಿವೆಯೇ ಎಂದು ಯೋಚಿಸಬೇಕು.
(ಉ) ಕೊನೆಗೆ ಲೇಖನ ಚಿಹ್ನೆ ಮತ್ತು ದೊಡ್ಡಕ್ಷರಗಳನ್ನು ಮಾತ್ರ ನೋಡುತ್ತ ಒಮ್ಮೆ ಗಟ್ಟಿಯಾಗಿ ಓದಬೇಕು.

ಅಭ್ಯಾಸ

ಬ್ಯಾಂಕಿಗೆ ಬರೆದ ಪತ್ರವೊಂದರ ಎಂಟು ವಾಕ್ಯಗಳು ಇಲ್ಲಿವೆ. ಇವುಗಳಲ್ಲಿ ಒಂದು ಸರಿಯಾಗಿದೆ. ಉಳಿದವುಗಳ ತಪ್ಪನ್ನು ಗುರುತಿಸಿ.

1. ಐ ಆಮ್ ಹ್ಯಾವಿಂಗ್ ಎ ಸೇವಿಂಗ್ಸ್ ಅಕೌಂಟ್ ಇನ್ ಯುವರ್ ಬ್ರ್ಯಾಂಚ್ ಸಿನ್ಸ್ ಟ್ವೆಲ್ವ್ ಇಯರ್ಸ್.
2. ದಿ ಕಾಪೀಸ್ ಆಫ್ ಮೈ ಪಾಸ್‌ಬುಕ್ ಈಸ್ ಎನ್‌ಕ್ಲೋಸ್ಡ್.
3. ಮೈ ನಾಮಿನಿ ಈಸ್ ಮೈ ವೈಫ್, ಹೂ ಈಸ್ ಆ್ಯನ್ ಎಲ್‌ಐಸಿ ಏಜೆಂಟ್.
4. ಐ ಹ್ಯಾವ್ ಮೆಟ್ ಯುವರ್ ಆಫೀಸರ್ ಲಾಸ್ಟ್ ಮಂಡೇ ಆ್ಯಂಡ್ ಡಿಸ್ಕಸ್ಡ್ ಅಬೌಟ್ ದಿ ಮ್ಯಾಟರ್.
5. ಹಿ ಡಿಡ್ ನಾಟ್ ಗೇವ್ ಎನಿ ಇನ್ಫರ್ಮೇಷನ್.
6. ಐ ವೇಟೆಡ್ ಫಾರ್ ಆ್ಯನ್ ಅವರ್, ನೋಬಡಿ ಕೇಮ್.
7. ದಿ ಬ್ಯಾಂಕ್ ಹ್ಯಾಸ್ ಚೇಂಜ್ಡ್ ಇಟ್’ಸ್ ರೂಲ್ಸ್.
8. ಪ್ಲೀಸ್ ಇನ್ಫಾರ್ಮ್ ಮಿ ವೆನ್ ವಿಲ್ ದಿ ನ್ಯೂ ಪಾಸ್‌ಬುಕ್ ಬಿ ರೆಡಿ.

ಉತ್ತರಗಳು

1. ಎರಡು ತಪ್ಪುಗಳಿವೆ. ಒಡೆತನಕ್ಕೆ ‘ಹ್ಯಾವಿಂಗ್’ ಸಲ್ಲದು. ಅವಧಿಗೆ ‘ಫಾರ್’ ಬೇಕು. ‘ಐ ಹ್ಯಾವ್ ಹ್ಯಾಡ್ ಎ ಸೇವಿಂಗ್ಸ್ ಅಕೌಂಟ್ ಇನ್ ಯುವರ್ ಬ್ರ್ಯಾಂಚ್ ಫಾರ್ ಟ್ವೆಲ್ವ್ ಇಯರ್ಸ್’ ಎಂದಿರಬೇಕು.
2. ಕರ್ತೃಪದ ‘ಕಾಪೀಸ್’ ಬಹುವಚನ, ‘ಆರ್’ ಎಂದಿರಬೇಕು.
3. ಸರಿಯಾಗಿದೆ. ‘ವೈಫ್’ ಎಂಬುದರ ನಂತರದ ಅಲ್ಪವಿರಾಮವೂ ಅಗತ್ಯ. ಅದನ್ನು ಬಿಟ್ಟರೆ, ಇರುವ ಪತ್ನಿಯರಲ್ಲಿ ವಿಮಾ ಏಜೆಂಟ್ ಆಗಿರುವವಳು ಎಂಬ ಅಪಾರ್ಥಕ್ಕೆ ಎಡೆಯಾಗುತ್ತದೆ.
4. ‘ಲಾಸ್ಟ್ ಮಂಡೇ’ ಇರುವುದರಿಂದ ‘ಹ್ಯಾವ್’ ಬೇಡ. ‘ಡಿಸ್ಕಸ್ಡ್’ ಮುಂದಿನ ‘ಅಬೌಟ್’ ಬೇಡ.
5. ‘ಡಿಡ್ ನಾಟ್’ ಮುಂದೆ ‘ಗಿವ್’ ಎಂಬ ಮೂಲರೂಪ ಬರಬೇಕು.
6. ಅಲ್ಪವಿರಾಮದ ನಂತರ ‘ಬಟ್’ ಸೇರಿಸಬೇಕು ಅಥವಾ ಅಲ್ಪವಿರಾಮದ ಜಾಗದಲ್ಲಿ ಅರ್ಧವಿರಾಮ ಇಡಬೇಕು.
7. ಅರ್ಥ ‘ಅದರ’ ಎಂದಿರುವುದರಿಂದ ಕೊಕ್ಕೆಯನ್ನು ತೆಗೆಯಬೇಕು.
8. ‘ವೆನ್ ದಿ ನ್ಯೂ ಪಾಸ್‌ಬುಕ್ ವಿಲ್ ಬಿ ರೆಡಿ’ ಎಂಬುದು ಸರಿಯಾದ ಕ್ರಮ.

ಮನೆಯ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದರೆ, ಹಿರಿಯರು ಅವರೊಡನೆ ಕುಳಿತು ಈ ಅಭ್ಯಾಸವನ್ನು ಮಾಡಬಹುದು. ತಪ್ಪು ಯಾವುದೆಂಬುದನ್ನು ಮಕ್ಕಳು ಬೇಗ ಹೇಳಬಹುದು. ಅದು ಏಕೆ ಹುಟ್ಟಿತೆಂಬುದನ್ನು ಕನ್ನಡ ಚೆನ್ನಾಗಿ ಬಲ್ಲ ಹಿರಿಯರು ವಿವರಿಸಬಹುದು. ತನ್ನ ಭಾಷೆಯ ನಿಯಮವನ್ನು ಅರಿತವರಿಗೆ ಇನ್ನೊಂದು ಭಾಷೆಯ ನಿಯಮ ಎಲ್ಲಿ ಬೇರೆಯಾಗುತ್ತದೆಂಬುದು ಸ್ಪಷ್ಟವಾಗಿ ಕಾಣಿಸುತ್ತದೆ. ಆದಕಾರಣ ಇಂಗ್ಲಿಷನ್ನು ತಿದ್ದಿಕೊಳ್ಳಲು ಕನ್ನಡವನ್ನು ಮರೆಯಬೇಕಾಗಿಲ್ಲ. ಅದನ್ನು ಇನ್ನಷ್ಟು ಚೆನ್ನಾಗಿ ತಿಳಿದುಕೊಂಡರೆ ಸಾಕು.